ಮನವಿ ತಿರಸ್ಕೃತವಾಯಿತೆಂದು ಮಾತ್ರೆ ನಿಲ್ಲಿಸಿದ ಮಾಜಿ ಹವಾಲ್ದಾರರು: ಒಂದು ಆಪ್ತಸಲಹೆ ಪ್ರಕರಣ

ಉಡುಪಿ ಜಿಲ್ಲೆಯ, ಐವತ್ತರ ಆಸುಪಾಸಿನ ಮಾಜಿ ಹವಾಲ್ದಾರರೊಬ್ಬರನ್ನು ಅವರ ಪತ್ನಿ ನಮ್ಮ ಸಲಹಾ ಕೇಂದ್ರಕ್ಕೆ ಕರೆತಂದಿದ್ದರು. ಗುರುತು ಸಿಗದಂತೆ ಊರು, ರೆಜಿಮೆಂಟ್ ಮತ್ತು ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಇಬ್ಬರ ಒಪ್ಪಿಗೆಯೂ ಇದೆ. ನಿದ್ದೆಯಿಲ್ಲ, ಸಣ್ಣ ಮಾತಿಗೂ ಸಿಡುಕು, ನೆಂಟರ ಮದುವೆಗೆ ಹೋದರೆ ಯಾರಾದರೂ ಪೆನ್ಶನ್ ವಿಚಾರ ತೆಗೆಯುತ್ತಾರೆಂದು ಹೋಗುವುದನ್ನೇ ಬಿಟ್ಟಿದ್ದಾರೆ ಎಂದು ಪತ್ನಿ ಹೇಳಿಕೊಂಡರು. ಗಂಡ ನೀರು ಕುಡಿಯಲು ಹೊರಗೆ ಹೋದಾಗ ಇನ್ನೊಂದು ಮಾತನ್ನೂ ಸೇರಿಸಿದರು: "ಬಿಪಿ ಮಾತ್ರೆ ನಿಲ್ಲಿಸಿದ್ದಾರೆ ಮೇಡಂ, ಕೇಳಿದರೆ ಕೇಸ್ ಮುಗಿಯಲಿ ಅಂತಾರೆ."

ಇವರು ಇಪ್ಪತ್ತಕ್ಕೂ ಹೆಚ್ಚು ವರ್ಷ ಸೇವೆ ಮುಗಿಸಿ 2022ರಲ್ಲಿ ನಿವೃತ್ತರಾದವರು. ಸೇವಾ ಪಿಂಚಣಿ ಬರುತ್ತಿದೆ. ನಿವೃತ್ತಿಯ ಹೊತ್ತಿಗೆ ನಡೆದ ವೈದ್ಯಕೀಯ ಮಂಡಳಿ ಅವರಿಗೆ ರಕ್ತದೊತ್ತಡವಿದೆಯೆಂದೂ, ಅಂಗವೈಕಲ್ಯದ ಪ್ರಮಾಣ ಜೀವಿತಾವಧಿಗೆ ಶೇ. 30 ಎಂದೂ ದಾಖಲಿಸಿ, ಕಾಯಿಲೆ ಸೇವೆಯಿಂದ ಉಂಟಾದದ್ದೂ ಅಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ ಎಂದು ಷರಾ ಬರೆದಿತ್ತು. ಹಾಗಾಗಿ ಅಂಗವೈಕಲ್ಯ ಪಿಂಚಣಿ ಸಿಗಲಿಲ್ಲ. ಮೊದಲ ಮೇಲ್ಮನವಿಯೂ, ಕಾಯಿಲೆ ಶಾಂತಿ ವಲಯದಲ್ಲಿ, ಅಂದರೆ ಕಾರ್ಯಾಚರಣೆಯಿಲ್ಲದ ನೆಲೆಯಲ್ಲಿದ್ದಾಗ ಪತ್ತೆಯಾಯಿತೆಂಬ ಕಾರಣಕ್ಕೆ ತಿರಸ್ಕೃತವಾಗಿತ್ತು. ಆ ಪತ್ರ ಬಂದಂದಿನಿಂದಲೇ ಮನೆಯ ನೆಮ್ಮದಿ ಕೆಟ್ಟದ್ದು.

ಮಾತ್ರೆ ಬಿಟ್ಟದ್ದರ ಹಿಂದೆ ಒಂದು ಲೆಕ್ಕಾಚಾರವಿತ್ತು. ಮುಂದೆ ಮತ್ತೆ ವೈದ್ಯಕೀಯ ತಪಾಸಣೆಗೆ ಕರೆದರೆ, ಮಾತ್ರೆಯಿಂದ ಹತೋಟಿಗೆ ಬಂದ ಬಿಪಿಯನ್ನು ಕಂಡು ಶೇ. 30ನ್ನು, ಈ ಪಿಂಚಣಿಗೆ ಕನಿಷ್ಠ ಬೇಕಾದ ಶೇ. 20ಕ್ಕಿಂತ ಕೆಳಗಿಳಿಸುತ್ತಾರೆ, ಆಗ ಮನವಿಗೆ ಬುಡವೇ ಇಲ್ಲವಾಗುತ್ತದೆ ಎಂದು ಯಾರೋ ಹಳೆಯ ಸಂಗಡಿಗರು ಫೋನಿನಲ್ಲಿ ಹೇಳಿದ್ದರು. ಇಂಥ ಹೆದರಿಕೆಯನ್ನು "ಆರೋಗ್ಯ ಮುಖ್ಯ" ಎಂಬ ಬುದ್ಧಿಮಾತಿನಿಂದ ಓಡಿಸಲಾಗದು. ಅದು ನಿಯಮವೊಂದರ ತಪ್ಪು ತಿಳಿವಳಿಕೆಯಿಂದ ಹುಟ್ಟಿದ್ದು, ನಿಯಮವನ್ನೇ ಮುಂದಿಟ್ಟು ಹೋಗಲಾಡಿಸಬೇಕು. ರಕ್ಷಣಾ ಸಚಿವಾಲಯದ 2001ರ ಫೆಬ್ರವರಿಯ ಆದೇಶದ ಪ್ರಕಾರ, ಶಾಶ್ವತ ಸ್ವರೂಪದ ಅಂಗವೈಕಲ್ಯಕ್ಕೆ ನಿಯತಕಾಲಿಕ ಮರುತಪಾಸಣೆ ಇಲ್ಲ. ಸೈನಿಕರೇ ಕೋರಿದರೆ ಮಾತ್ರ ಮರುಪರಿಶೀಲನೆ. ಇವರ ಕಾಗದದಲ್ಲಿ ಜೀವಿತಾವಧಿಗೆ ಎಂದು ಸ್ಪಷ್ಟವಾಗಿಯೇ ಇತ್ತು. ಆ ಸಾಲಿನ ಕೆಳಗೆ ಪೆನ್ಸಿಲ್ಲಿನಿಂದ ಗೆರೆ ಎಳೆದು ಅವರಿಂದಲೇ ಓದಿಸಿದೆ. ಅಂದೇ ಅವರು ವೈದ್ಯರ ಬಳಿಗೆ ಹೋಗಲು ಒಪ್ಪಿದರು. ನಿಲ್ಲಿಸಿದ್ದ ಮಾತ್ರೆಯನ್ನು ತಾವಾಗಿಯೇ ಶುರುಮಾಡದೆ, ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಪಾಲಿಕ್ಲಿನಿಕ್ಕಿನಲ್ಲಿ ತೋರಿಸಿ ಪ್ರಮಾಣ ನಿಗದಿಪಡಿಸಿಕೊಳ್ಳಬೇಕೆಂದು ಸೂಚಿಸಿದೆ.

ನಂತರದ ಭೇಟಿಗಳಲ್ಲಿ ತಿರಸ್ಕಾರದ ಪತ್ರವನ್ನು ಇಬ್ಬರೂ ಕುಳಿತು ನಿಧಾನವಾಗಿ ಓದಿದೆವು. "ನಾನು ಸುಳ್ಳು ಹೇಳಿದೆ ಅಂತಲೇ ಅಲ್ಲವಾ ಇದು?" ಎಂದು ಅವರು ಮತ್ತೆ ಮತ್ತೆ ಕೇಳುತ್ತಿದ್ದರು. ಪತ್ರ ಕಾಯಿಲೆಯನ್ನು ಅಲ್ಲಗಳೆದಿರಲಿಲ್ಲ, ಶೇ. 30ನ್ನೂ ಅಲ್ಲಗಳೆದಿರಲಿಲ್ಲ, ಅವರ ಸೇವೆಯ ಬಗ್ಗೆ ಒಂದಕ್ಷರವನ್ನೂ ಆಡಿರಲಿಲ್ಲ. ಕಾಯಿಲೆಗೂ ಸೇವೆಗೂ ಇರುವ ನಂಟು ಸಾಬೀತಾಗಿಲ್ಲ ಎಂಬ ಒಂದೇ ವಿಷಯದಲ್ಲಿ ಅದು ತೀರ್ಮಾನ ಕೊಟ್ಟಿತ್ತು. ಅವಮಾನವೆಂದು ಹೊತ್ತು ತಿರುಗುತ್ತಿದ್ದ ಮಾತಿಗೆ ದಾಖಲೆಯಿಂದ ಉತ್ತರ ಕೊಡಬಹುದೆಂದು ಮನವರಿಕೆಯಾದ ಮೇಲೆಯೇ ಅವರ ದನಿಯ ಏರು ಇಳಿದದ್ದು.

ಆ ದಾಖಲೆ ಅವರ ಕೈಯಲ್ಲೇ ಇತ್ತು. ಪ್ಲಾಸ್ಟಿಕ್ ಲಕೋಟೆಯೊಳಗಿನ ಹಳೆಯ ಚೀಟಿಗಳ ನಡುವೆ, ಫೀಲ್ಡ್ ಪ್ರದೇಶದಲ್ಲಿದ್ದಾಗಿನ (ಗಡಿಯಂಥ ಕಠಿಣ ನಿಯೋಜನೆಯ ಜಾಗ) ಎಂಐ ರೂಮಿನದೊಂದು (ಸೇನಾ ಘಟಕದ ಚಿಕಿತ್ಸಾ ಕೊಠಡಿ) ಸಿಕ್ಕಿತು. ತಲೆನೋವೆಂದು ಹೋದವರ ಬಿಪಿಯನ್ನು ಅದರಲ್ಲಿ 150/100 ಎಂದು ಬಾಲ್‌ಪೆನ್ನಿನಲ್ಲಿ ಬರೆದಿತ್ತು. ರೋಗನಿರ್ಣಯ ಶಾಂತಿ ವಲಯಕ್ಕೆ ಬಂದ ಮೇಲೆ ಆದದ್ದು ನಿಜ, ಆದರೆ ಏರುಪೇರು ಅದಕ್ಕೂ ಮೊದಲೇ ದಾಖಲಾಗಿತ್ತು. ಇವರ ನಿವೃತ್ತಿಯ ಹೊತ್ತಿಗೆ ಜಾರಿಯಲ್ಲಿದ್ದ ಸೇನಾ ವೈದ್ಯಾಧಿಕಾರಿಗಳ ಮಾರ್ಗದರ್ಶಿಯ 43ನೇ ಕಂಡಿಕೆ, ಫೀಲ್ಡ್, ಅತಿ ಎತ್ತರದ ಪ್ರದೇಶ ಅಥವಾ ಬಂಡಾಯ ನಿಗ್ರಹ ಕಾರ್ಯಾಚರಣೆಯ ಪ್ರದೇಶದಲ್ಲಿರುವಾಗ ಕಾಣಿಸಿಕೊಂಡ ರಕ್ತದೊತ್ತಡವನ್ನು ಸೇವೆಯಿಂದ ಉಲ್ಬಣಿಸಿದ್ದೆಂದು ಪರಿಗಣಿಸಲು ಹೇಳುತ್ತಿತ್ತು. ಹೀಗಾಗಿ ಇವರಿಗೆ ಬೇಕಾದದ್ದು ಆ ಚೀಟಿಯ ಜೊತೆಗೆ, ಎಲ್ಲೆಲ್ಲಿ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಇದ್ದರೆಂಬ ಪೋಸ್ಟಿಂಗ್ ವಿವರ ಮತ್ತು ವೈದ್ಯಕೀಯ ಮಂಡಳಿಯ ಪೂರ್ಣ ನಡಾವಳಿ. ಇವೆರಡಕ್ಕೂ ಸೇವಾ ದಾಖಲೆಗಳನ್ನಿಡುವ ರೆಕಾರ್ಡ್ಸ್ ಕಚೇರಿಗೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದ ಅರ್ಜಿ ಹಾಕಿಸಿದೆವು.

ಸುಪ್ರೀಂ ಕೋರ್ಟು ಧರಂವೀರ್ ಸಿಂಗ್ ಪ್ರಕರಣದಲ್ಲಿ 2013ರಲ್ಲಿ ಕೊಟ್ಟ ತೀರ್ಪಿನ ಪ್ರತಿಯನ್ನು ಅವರು ಆಗಲೇ ಕಂಠಪಾಠ ಮಾಡಿಕೊಂಡಿದ್ದರು. ಸೇರ್ಪಡೆಯ ವೇಳೆ ಕಾಯಿಲೆಯ ಉಲ್ಲೇಖವಿಲ್ಲದಿದ್ದರೆ ಸೈನಿಕ ಆರೋಗ್ಯವಂತನೆಂದೇ ಭಾವಿಸಬೇಕು, ಅಲ್ಲವೆನ್ನಲು ಮಂಡಳಿ ಕಾರಣ ಕೊಡಬೇಕು ಎಂಬುದು ಅದರ ಸಾರ. ಅದು 1982ರ ಅರ್ಹತಾ ನಿಯಮಗಳ ಮೇಲೆ ನಿಂತ ತೀರ್ಪು. ಇವರಿಗೆ ಅನ್ವಯಿಸುವ 2008ರ ನಿಯಮಗಳು, ಸೇವೆಯಲ್ಲಿರುವಾಗ ಕಾಯಿಲೆ ಕಾಣಿಸಿಕೊಂಡ ಮಾತ್ರಕ್ಕೆ ನಂಟು ಸಿದ್ಧವಾಗದೆಂದು ಹೇಳುತ್ತವೆ. ಆದ್ದರಿಂದ ತೀರ್ಪೊಂದನ್ನೇ ನೆಚ್ಚಿಕೊಳ್ಳದೆ ದಾಖಲೆಯನ್ನು ಮುಂದಿಡಿ, ತೀರ್ಪು ಅದರ ಬೆನ್ನಿಗಿರಲಿ ಎಂದು ಸಲಹೆ ಕೊಟ್ಟೆ. ಬಾಕಿ ಹಣದಲ್ಲಿ ಪಾಲು ಕೊಟ್ಟರೆ ಗೆಲ್ಲಿಸಿಕೊಡುವೆನೆಂದ ಮಧ್ಯವರ್ತಿಯೊಬ್ಬರ ಕಾಗದಕ್ಕೆ ಸಹಿ ಹಾಕದಿರಲು ಹೇಳಿ, ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೆ ಕಳುಹಿಸಿದೆ.

ಹಣದ ನಿರೀಕ್ಷೆಯನ್ನೂ ನೆಲಕ್ಕೆ ತರಬೇಕಿತ್ತು. ಇವರಿಗೆ ಅನ್ವಯಿಸುವ ನಿಯಮದಂತೆ, ಶೇ. 100 ಅಂಗವೈಕಲ್ಯಕ್ಕೆ ಸಿಗುವುದು ಕೊನೆಯ ವೇತನದ ಶೇ. 30. ಶೇ. 50ಕ್ಕಿಂತ ಕಡಿಮೆ ಪ್ರಮಾಣವನ್ನು ಶೇ. 50ಕ್ಕೆ ಏರಿಸುವ ಸೌಲಭ್ಯ, ಸುಪ್ರೀಂ ಕೋರ್ಟಿನ 2014ರ ರಾಮ್ ಅವತಾರ್ ತೀರ್ಪಿನಂತೆ, ಅವಧಿ ಮುಗಿಸಿ ನಿವೃತ್ತರಾದವರಿಗೂ ಉಂಟು. ಹೀಗೆ ಇವರ ಶೇ. 30 ಶೇ. 50 ಆದರೆ ಸಿಗುವುದು ಕೊನೆಯ ವೇತನದ ಶೇ. 15. ಆ ವೇತನ 40,000 ರೂಪಾಯಿ ಎಂದಿಟ್ಟುಕೊಂಡರೆ ತಿಂಗಳಿಗೆ 6,000 ರೂಪಾಯಿ, ಜೊತೆಗೆ ತುಟ್ಟಿಭತ್ಯೆ. ಮಗಳ ಕಾಲೇಜು ಫೀಸನ್ನು ಇದರ ಮೇಲೆ ಭರವಸೆಯಿಟ್ಟು ಸಾಲ ಮಾಡಿ ಕಟ್ಟುವ ಯೋಚನೆಯಲ್ಲಿದ್ದರು. ಈಗಿರುವ ಪಿಂಚಣಿ ಮತ್ತು ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಕೆಲಸದ ಸಂಬಳದಲ್ಲೇ ಮನೆಯ ಲೆಕ್ಕ ಕೂಡಿಸಲು ಪತ್ನಿಯ ಜೊತೆ ಕುಳಿತು ಪಟ್ಟಿ ಮಾಡಿಸಿದೆ.

ರಾತ್ರಿ ಎರಡು ಗಂಟೆಗೆ ಎದ್ದು ಫೈಲು ಬಿಡಿಸುವ ಅಭ್ಯಾಸಕ್ಕೆ ಒಂದು ಕಟ್ಟುಪಾಡು ಹಾಕಿದೆವು: ಫೈಲು ಪತ್ನಿಯ ಕಪಾಟಿನಲ್ಲಿ, ಭಾನುವಾರ ಬೆಳಿಗ್ಗೆ ಮಾತ್ರ ಹೊರಗೆ. ಮೊದಮೊದಲು ಜಗಳವಾಯಿತು, ಆಮೇಲೆ ಒಗ್ಗಿತು. ನಿದ್ದೆ ಸುಧಾರಿಸಿದೆ, ಸಿಡುಕು ಪೂರ್ತಿ ಹೋಗಿಲ್ಲ.

ಎರಡನೇ ಮೇಲ್ಮನವಿಯನ್ನು, ತಿರಸ್ಕಾರದ ಪತ್ರ ಬಂದ ಆರು ತಿಂಗಳ ಗಡುವಿನೊಳಗೆ ಸಲ್ಲಿಸಿದ್ದಾರೆ. ಅದೂ ತಿರಸ್ಕೃತವಾದರೆ, ಅಥವಾ ಆರು ತಿಂಗಳಾದರೂ ಉತ್ತರ ಬಾರದಿದ್ದರೆ, 2007ರ ಕಾಯ್ದೆಯಡಿ ರಚನೆಯಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬಹುದು. ಕರ್ನಾಟಕದವರಿಗೆ ಅದರ ಕೊಚ್ಚಿ ಪೀಠ. ಅಲ್ಲಿಗೆ ಹೋಗುವ ಸಂದರ್ಭ ಬಂದರೆ ವಕೀಲರನ್ನು ಕಾಣುವ ಮುನ್ನ ಒಮ್ಮೆ ಇಬ್ಬರೂ ನಮ್ಮಲ್ಲಿಗೆ ಬರಬೇಕೆಂದು ಮಾತಾಗಿದೆ. ಅಲ್ಲಿಯವರೆಗೆ ತಿಂಗಳಿಗೊಮ್ಮೆ ಬಿಪಿ ತೋರಿಸಿ, ಅಂಕಿಯನ್ನು ಬರೆದಿಟ್ಟುಕೊಳ್ಳುತ್ತಿದ್ದಾರೆ.