ಎಡಿಎಚ್‌ಡಿ ನಿಜಾನಾ? ಮಗನ ತಪಾಸಣೆ ಮಾಡಿಸಬೇಕಾ?

ಮಗನಿಗೆ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಡಪಡಿಕೆಯ ತೊಂದರೆ) ಇದೆಯಾ ಅಂತ ತಪಾಸಣೆ ಮಾಡಿಸಿ ಎಂದು ಟೀಚರ್ ಹೇಳಿದರೂ ನಿಮ್ಮ ಮನೆಯವರು "ಅಂಥ ಕಾಯಿಲೆಯೇ ಇಲ್ಲ" ಅನ್ನೋದಕ್ಕೆ ಕಾರಣ ಬಹುಶಃ ಇದು: ಎಡಿಎಚ್‌ಡಿಗೆ ರಕ್ತಪರೀಕ್ಷೆ, ಸ್ಕ್ಯಾನ್ ಇಲ್ಲ. ನಡವಳಿಕೆ ನೋಡಿಯೇ ಹೇಳಬೇಕು. ಮೈಗ್ರೇನ್‌ಗೂ ರಕ್ತಪರೀಕ್ಷೆ ಇಲ್ಲ, ಹಾಗಂತ ಅದು ಸುಳ್ಳಲ್ಲ ಅಲ್ವಾ? ಅವಳಿ ಮಕ್ಕಳ ಅಧ್ಯಯನಗಳಲ್ಲಿ ಇದಕ್ಕೆ ವಂಶವಾಹಿಯ ಪಾಲು ಶೇ. 70ಕ್ಕೂ ಜಾಸ್ತಿ ಕಂಡಿದೆ. ನಿಜವಾದ ಚರ್ಚೆ ಇರೋದು ಮಾಮೂಲಿ ತುಂಟತನಕ್ಕೂ ಇದಕ್ಕೂ ನಡುವೆ ಗೆರೆ ಎಲ್ಲಿ ಎಳೆಯಬೇಕು ಅನ್ನೋದರಲ್ಲಿ. ತರಗತಿಯಲ್ಲಿ ವಯಸ್ಸಲ್ಲಿ ಎಲ್ಲರಿಗಿಂತ ಚಿಕ್ಕವರಿಗೆ ಈ ಹಣೆಪಟ್ಟಿ ಜಾಸ್ತಿ ಬೀಳುತ್ತದೆ. ನಿಮ್ಮ ಮಗ ಅಂಥವನಾ ನೋಡಿ. ನೀವು ಬರೆದಷ್ಟರಿಂದ ಅವನಿಗೆ ಇದೆಯೋ ಇಲ್ಲವೋ ಹೇಳೋಕಾಗಲ್ಲ.

ಮೊದಲು ಕಣ್ಣು, ಕಿವಿ ತೋರಿಸಿ, ನಿದ್ದೆ ಸರಿಯಿದೆಯಾ ಗಮನಿಸಿ. ಆಮೇಲೆ ಎರಡು ವಾರ ಕಂಡದ್ದನ್ನು ಬರೆದಿಡಿ. ಸುಮ್ನೆ "ಗಮನ ಇಲ್ಲ" ಅಂತ ಬರೆಯಬೇಡಿ. ನನ್ನ ಮಗಳ ವಿಷಯದಲ್ಲಿ ಡಾಕ್ಟರಿಗೆ ಉಪಯೋಗವಾಗಿದ್ದು ಅವಳ ಲೆಕ್ಕದ ನೋಟ್‌ಬುಕ್: ಮೊದಲ ಮೂರು ಲೆಕ್ಕ ಸರಿ, ನಾಲ್ಕನೆಯದು ಅರ್ಧ, ಉಳಿದ ಪುಟ ಖಾಲಿ. ಟೀಚರ್ ಹತ್ತಿರವೂ ಬರೆಸಿಕೊಳ್ಳಿ. ಲಕ್ಷಣಗಳು 12 ವರ್ಷದೊಳಗೆ ಶುರುವಾಗಿ, ಕನಿಷ್ಠ 6 ತಿಂಗಳಿದ್ದು, ಮನೆ, ಶಾಲೆ ಹೀಗೆ ಒಂದಕ್ಕಿಂತ ಹೆಚ್ಚು ಕಡೆ ಕಾಣಬೇಕು. ಇಷ್ಟನ್ನೂ ಹಿಡಿದುಕೊಂಡು ಮಕ್ಕಳ ಮನೋವೈದ್ಯರ ಹತ್ತಿರ ಹೋಗಿ, ಮನೆಯವರನ್ನೂ ಕರೆದುಕೊಂಡು. ತಪಾಸಣೆ ಅಂದ್ರೆ ಮಾತ್ರೆ ಅಂತಲ್ಲ, ಅದನ್ನು ಅವರಿಗೆ ಮೊದಲೇ ಹೇಳಿ.