ಬ್ಲೂಬೆಲ್ ಸತ್ತಿಲ್ಲ, ನೀರು ಹಾಕುವುದು ನಿಲ್ಲಿಸಿ

ಪ್ರಶ್ನೆ: ನಾವು ಒಹಾಯೊದ ಕೊಲಂಬಸ್‌ನಲ್ಲಿದ್ದೇವೆ. ನರ್ಸರಿಯಿಂದ ತಂದ ವರ್ಜೀನಿಯಾ ಬ್ಲೂಬೆಲ್ ಏಪ್ರಿಲ್‌ನಲ್ಲಿ ಚೆನ್ನಾಗಿ ಹೂ ಬಿಟ್ಟಿತ್ತು. ಮೇ ಕೊನೆಗೆ ಎಲೆಯೆಲ್ಲ ಹಳದಿಯಾಗಿ ಬಿದ್ದುಹೋಯಿತು. ದಿನಾ ನೀರು ಹಾಕಿದೆ, ಗೊಬ್ಬರವನ್ನೂ ಕೊಟ್ಟೆ. ಈಗ ಗಿಡದ ಗುರುತೇ ಇಲ್ಲ. ಅಗೆದು ಬೇರೆ ಏನಾದರೂ ನೆಡಲೇ?

ಉತ್ತರ: ದಯವಿಟ್ಟು ಅಗೆಯಬೇಡಿ. ಪ್ರತಿ ಜೂನ್‌ನಲ್ಲೂ ನನಗೆ ಇದೇ ಪ್ರಶ್ನೆ ಬರುತ್ತದೆ, ಅಷ್ಟರಲ್ಲಿ ಅರ್ಧ ಜನ ಗಿಡ ಕಿತ್ತು ಬಿಸಾಡಿರುತ್ತಾರೆ. ಊರಲ್ಲಿ ಸಂಕ್ರಾಂತಿ ಹೊತ್ತಿಗೆ ಅರಿಶಿನದ ಎಲೆ ಒಣಗುತ್ತದೆ, ಅಲ್ವಾ? ಗಿಡ ಸತ್ತಿತು ಅಂತ ಯಾರೂ ಅಳುವುದಿಲ್ಲ. ಗೆಡ್ಡೆ ನೆಲದೊಳಗಿದೆ ಅಂತ ಗೊತ್ತು. ಇದೂ ಹಾಗೇ.

ಬ್ಲೂಬೆಲ್ ಹೊಳೆ ಪಕ್ಕದ ಕಾಡಿನ ಗಿಡ. ಅಲ್ಲಿನ ಮರಗಳು ಚಳಿಗಾಲವಿಡೀ ಬೋಳು. ಹಿಮ ಕರಗಿದ ಮೇಲೆ ಮರ ಚಿಗುರಿ ಚಪ್ಪರ ಮುಚ್ಚುವ ತನಕ ಮಾತ್ರ ನೆಲಕ್ಕೆ ಬಿಸಿಲು. ಸಿಗುವುದು 6ರಿಂದ 8 ವಾರ. ಅಷ್ಟರಲ್ಲಿ ಎಲೆ, ಹೂ, ಬೀಜ ಎಲ್ಲ ಮುಗಿಯಬೇಕು, ಬರುವ ವರ್ಷಕ್ಕೆ ಬೇಕಾದ ಆಹಾರವೂ ಬೇರಿಗೆ ಇಳಿಯಬೇಕು. ಆಮೇಲೆ ನಿದ್ದೆ. ನಾನು ಜುಲೈನಲ್ಲಿ ಒಮ್ಮೆ ಬೆರಳಲ್ಲೇ ಮಣ್ಣು ಸರಿಸಿ ನೋಡಿದ್ದೇನೆ. ಕಪ್ಪಗೆ, ದಪ್ಪಗೆ ಬೇರು, ಅದುಮಿದರೆ ಗಟ್ಟಿಯಾಗಿತ್ತು. ಮತ್ತೆ ಮುಚ್ಚಿದೆ. ಏಪ್ರಿಲ್‌ನಲ್ಲಿ ಅಲ್ಲೇ ಗುಲಾಬಿ ಮೊಗ್ಗು ಬಂತು, ಅರಳುತ್ತಾ ನೀಲಿಯಾಯಿತು.

ಮಲಗಿದ ಬೇರಿಗೆ ದಿನಾ ನೀರು ಸುರಿದರೆ ಕೊಳೆಯುತ್ತದೆ. ನಿಮ್ಮದು ಕೊಳೆಯದೇ ಉಳಿದಿರಲಿ. ನೀರು, ಗೊಬ್ಬರ ಎರಡೂ ಇವತ್ತೇ ನಿಲ್ಲಿಸಿ. ಜಾಗ ಮರೆಯದ ಹಾಗೆ ಒಂದು ಕಡ್ಡಿ ನೆಡಿ. ಪಕ್ಕದಲ್ಲಿ ಜರೀಗಿಡ ಹಾಕಿದರೆ ಬೇಸಿಗೆಯಲ್ಲಿ ಜಾಗ ಖಾಲಿ ಕಾಣುವುದಿಲ್ಲ. ಮುಂದಿನ ವರ್ಷ ಎಲೆ ಹಳದಿಯಾದಾಗ ಚೆಂದ ಕಾಣಲ್ಲ ಅಂತ ಕತ್ತರಿಸಬೇಡಿ. ಬೇರಿಗೆ ಊಟ ಹೋಗುವುದು ಆ ಎಲೆಯಿಂದಲೇ.

ಪ್ರಶ್ನೆ: ಎರೆಹುಳು ರೈತನ ಮಿತ್ರ ಅಲ್ಲವೇ? ಮಿಷಿಗನ್‌ನಲ್ಲಿ ನಮ್ಮ ಮನೆ ಹಿಂದಿನ ಕಾಡಿಗೆ ಒಂದು ಡಬ್ಬಿ ಬಿಡಲೇ?

ಉತ್ತರ: ಬೇಡವೇ ಬೇಡ. ಹೊಲಕ್ಕೆ ಮಿತ್ರ ನಿಜ. ಆದರೆ ಹಿಮಯುಗದ ನಂತರ ಆ ಕಾಡುಗಳಲ್ಲಿ ಎರೆಹುಳುವೇ ಇರಲಿಲ್ಲ. ಹೊರಗಿನಿಂದ ಬಂದವು ತರಗೆಲೆಯ ಹಾಸನ್ನೇ ತಿಂದು ಮುಗಿಸುತ್ತವೆ. ಬ್ಲೂಬೆಲ್‌ನಂಥ ಕಾಡುಹೂಗಳು ಬದುಕುವುದೇ ಆ ಹಾಸಿನಲ್ಲಿ.

ಪ್ರಶ್ನೆ: ಟ್ರಿಲಿಯಂ ಎಂಬ ಕಾಡುಹೂವಿನ ಗಿಡವನ್ನು ಪಾರ್ಕಿನಿಂದ ಒಂದೇ ಒಂದು ಕಿತ್ತು ತರಬಹುದೇ?

ಉತ್ತರ: ಇಲ್ಲ. ಬೀಜದಿಂದ ಹೂವಾಗಲು ಅದಕ್ಕೆ 7 ವರ್ಷ, ಕೆಲವೊಮ್ಮೆ ಜಾಸ್ತಿಯೇ ಬೇಕು.

ಪ್ರಶ್ನೆ: ಈ ಕಾಡುಹೂಗಳು ಬೆಂಗಳೂರಿನ ಬಾಲ್ಕನಿಯಲ್ಲಿ ಬೆಳೆಯುತ್ತವೆಯೇ?

ಉತ್ತರ: ಇಲ್ಲ, ಇವಕ್ಕೆ ತಿಂಗಳುಗಟ್ಟಲೆ ಕೊರೆಯುವ ಚಳಿ ಬೇಕು.

ಪ್ರಶ್ನೆ: ಬ್ಲಡ್‌ರೂಟ್ ಎಂಬ ಕಾಡುಹೂವಿನ ಬೇರಿನ ಮುಲಾಮು ಹಚ್ಚಿದರೆ ಮಚ್ಚೆ ಉದುರುತ್ತದೆ, ಕ್ಯಾನ್ಸರ್ ಕೂಡ ಹೋಗುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ಈ ಮುಲಾಮು ಮಾರುವವರ ಮೇಲೆ ನನಗೆ ತುಂಬಾ ಸಿಟ್ಟಿದೆ. ಬ್ಲಡ್‌ರೂಟ್ ಹೂ ನನಗೆ ಬಹಳ ಇಷ್ಟ. ಎಲೆಯನ್ನೇ ಶಾಲಿನಂತೆ ಹೊದ್ದುಕೊಂಡು ಮೊಗ್ಗು ಮೇಲೆ ಬರುತ್ತದೆ. ಆದರೆ ಬೇರಿನ ಕೆಂಪು ರಸದಲ್ಲಿ ಸಾಂಗ್ವಿನರೀನ್ ಎಂಬ ವಿಷವಿದೆ. 1998ರಲ್ಲಿ ದೆಹಲಿಯಲ್ಲಿ ಕಲಬೆರಕೆ ಸಾಸಿವೆ ಎಣ್ಣೆ ತಿಂದು ಎಷ್ಟೋ ಜನ ಸತ್ತರಲ್ಲ, ಅದರಲ್ಲಿ ಬೆರೆತಿದ್ದ ಆರ್ಜಿಮೋನ್ ಎಣ್ಣೆಯಲ್ಲಿ ಇದ್ದದ್ದೂ ಇದೇ ವಿಷ. ಮುಲಾಮು ಚರ್ಮವನ್ನು ಸುಟ್ಟು ಹಕ್ಕಳೆ ಕಟ್ಟಿಸುತ್ತದೆ. ಅದು ಉದುರಿದಾಗ ವಾಸಿಯಾಯಿತು ಅನ್ನಿಸುತ್ತದೆ, ಅಡಿಯಲ್ಲಿ ಕ್ಯಾನ್ಸರ್ ಬೆಳೆಯುತ್ತಲೇ ಇರಬಹುದು. ಮಚ್ಚೆಯ ಬಣ್ಣವೋ ಗಾತ್ರವೋ ಬದಲಾಗಿದ್ದರೆ ಈ ವಾರವೇ ಚರ್ಮದ ಡಾಕ್ಟರಿಗೆ ತೋರಿಸಿ.