ಕನ್ನಡಿಯೊಳಗಿನ ರಾಜ ಎಲ್ಲಿ ನಿಂತಿದ್ದಾನೆ?

ಪ್ರಶ್ನೆ: ಕಲಾವಿದ ವೆಲಾಸ್ಕೆಸ್‌ನ ‘ಲಾಸ್ ಮೆನಿನಾಸ್’ ಚಿತ್ರದ ಹಿಂಗೋಡೆಯ ಕನ್ನಡಿಯಲ್ಲಿ ಸ್ಪೇನಿನ ರಾಜ, ರಾಣಿ ಕಾಣುತ್ತಾರೆ. ಹಾಗಾದರೆ ಚಿತ್ರ ನೋಡುವ ನಾನು ನಿಂತಿರುವುದು ಅವರ ಜಾಗದಲ್ಲಿಯೇ ಅಲ್ಲವೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಬಹಳ ಮಂದಿ ಹಾಗೆಯೇ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಚಿತ್ರದ ಒಂದು ಮುದ್ರಣವನ್ನು ಮೇಜಿನ ಮೇಲಿಟ್ಟು ಅಡಿಪಟ್ಟಿ ಹಿಡಿಯಿರಿ. ಬಲಗೋಡೆಯು ಸೂರಿಗೆ ತಾಗುವ ಅಂಚನ್ನೂ ಅಲ್ಲಿನ ಕಿಟಕಿಗಳ ಮೇಲಂಚನ್ನೂ ಒಳಮುಖವಾಗಿ ಗೆರೆ ಎಳೆದು ಬೆಳೆಸಿ. ಆ ಗೆರೆಗಳು ಕೂಡುವುದು ಕನ್ನಡಿಯಲ್ಲಲ್ಲ. ಅದರ ಬಲಕ್ಕಿರುವ ತೆರೆದ ಬಾಗಿಲಿನಲ್ಲಿ, ಮೆಟ್ಟಿಲ ಮೇಲೆ ನಿಂತ ಅರಮನೆಯ ಅಧಿಕಾರಿ ಹೊಸೆ ನಿಯೆಟೊನ ತೋಳಿನ ಬಳಿ. ಇಂಥ ಗೆರೆಗಳು ಕೂಡುವುದು ನೋಡುವವರ ಕಣ್ಣಿನ ನೇರಕ್ಕೆ; ಎಂದರೆ ನಿಮ್ಮ ಕಣ್ಣಿನ ಜಾಗ ಆ ಬಾಗಿಲಿನ ನೇರಕ್ಕೆ. ಅಲ್ಲಿಂದ ಕನ್ನಡಿ ಓರೆಯಾಗಿ ಕಾಣುತ್ತದೆ. ಓರೆಯಾಗಿ ನೋಡಿದ ಕನ್ನಡಿ ನಿಮ್ಮನ್ನು ತೋರಿಸುವುದಿಲ್ಲ, ಇನ್ನೂ ಎಡಕ್ಕಿರುವುದನ್ನು ತೋರಿಸುತ್ತದೆ. ಎಡಕ್ಕೆ ಇರುವುದೇನು? ಚಿತ್ರದೊಳಗೇ ನಿಂತ ವೆಲಾಸ್ಕೆಸ್ ಬರೆಯುತ್ತಿರುವ, ನಮಗೆ ಬೆನ್ನು ಮಾಡಿ ನಿಂತ ಆ ಭಾರಿ ಕ್ಯಾನ್ವಾಸ್!

ಈ ಲೆಕ್ಕವನ್ನು ನಂಬುವುದಾದರೆ, ಕನ್ನಡಿಯಲ್ಲಿರುವ ನಾಲ್ಕನೆಯ ಫಿಲಿಪ್ ಮತ್ತು ಮರಿಯಾನಾ ಸ್ವತಃ ಅವರಲ್ಲ, ಕಲಾವಿದ ಬರೆಯುತ್ತಿರುವ ಅವರ ಚಿತ್ರ. ಕನ್ನಡಿ ಸುಳ್ಳು ಹೇಳುವುದಿಲ್ಲವೆಂದು ನಾವು ನಂಬಿದ್ದೇವೆ; ಅದೇ ಕನ್ನಡಿಯ ಮೂಲಕ ಆತ ನಮ್ಮನ್ನು ಮತ್ತೆ ಬಣ್ಣದ ಕಡೆಗೇ ಕಳುಹಿಸುತ್ತಾನೆ. ನನಗೆ ಈ ಚಿತ್ರ ಇಷ್ಟು ಪ್ರಿಯವಾಗಿರುವುದು ಇದಕ್ಕೇ.

ಬಣ್ಣವನ್ನೇ ಹತ್ತಿರದಿಂದ ನೋಡಿ. ಐದು ವರ್ಷದ ರಾಜಕುಮಾರಿ ಮಾರ್ಗರೀಟಾಳಿಗೆ ಸಖಿಯೊಬ್ಬಳು ತಟ್ಟೆಯಲ್ಲಿ ಪುಟ್ಟ ಕೆಂಪು ಮಣ್ಣಿನ ಕುಡಿಕೆ ನೀಡುತ್ತಿದ್ದಾಳೆ. ದೂರದಿಂದ ಅದು ಕೈಗೆ ಸಿಗುವಷ್ಟು ನಿಜ. ಕಣ್ಣನ್ನು ಹತ್ತಿರ ಒಯ್ದರೆ ರಾಜಕುಮಾರಿಯ ತೋಳಿನ ಕಸೂತಿ ಚದುರಿ, ಅವಸರದ ಕುಂಚದ ಗೀಟುಗಳಷ್ಟೇ ಉಳಿಯುತ್ತವೆ. ಕಸೂತಿಯನ್ನು ಹೆಣೆದದ್ದು ನಿಮ್ಮ ಕಣ್ಣು.

ಇದು ಅರಮನೆಯ ಒಂದು ಕ್ಷಣವನ್ನು ಹಿಡಿದ ಚಿತ್ರ ಎನ್ನುವವರಿಗೆ ನಾನು ಕಲಾವಿದನ ಎದೆಯ ಮೇಲಿನ ಕೆಂಪು ಶಿಲುಬೆಯನ್ನು ತೋರಿಸುತ್ತೇನೆ. ಚಿತ್ರ 1656ರದು, ಆ ಶಿಲುಬೆಯನ್ನು ಲಾಂಛನವಾಗಿ ಧರಿಸುವ ಸಾಂಟಿಯಾಗೊ ಎಂಬ ನೈಟ್ ಪದವಿಯ ಪಂಗಡಕ್ಕೆ ವೆಲಾಸ್ಕೆಸ್ ಸೇರಿದ್ದು 1659ರಲ್ಲಿ. ಆ ಶಿಲುಬೆ ಆಮೇಲೆ ಏರಿದ್ದು.

ಮೂರು ಮೀಟರಿಗೂ ಎತ್ತರದ ಈ ಕ್ಯಾನ್ವಾಸನ್ನು ಪುಸ್ತಕದ ಅಂಗೈಯಗಲದ ಮುದ್ರಣದಲ್ಲಿ ನೋಡಿ ತೀರ್ಮಾನಿಸಬೇಡಿ. ಮ್ಯಾಡ್ರಿಡ್‌ನ ಪ್ರಾಡೊ ಸಂಗ್ರಹಾಲಯದ ಜಾಲತಾಣದಲ್ಲಿ ದೊಡ್ಡ ಪ್ರತಿ ಸಿಗುತ್ತದೆ. ಗೆರೆಗಳನ್ನು ಎಳೆದ ಮೇಲೂ ನಿಮಗೆ ರಾಜನ ಜಾಗವೇ ಸರಿಯೆನಿಸಿದರೆ ಕಾರಣ ಸಹಿತ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಚರ್ಚಿಸೋಣ.